ಮುತ್ತಜ್ಜನನ್ನು ಹುಡುಕಿದ ಮಾವ

ನಮ್ಮ ಮಾವನಿಗೆ ಬದುಕಿರುವವರ ಗೊಡವೆಯೇ ಬೇಕಿರಲಿಲ್ಲ! ಮನೆಗೆ ಬಂದವರನ್ನು "ಚೆನ್ನಾಗಿದ್ದೀರಾ?" ಎನ್ನುವ ಬದಲು "ನಿಮ್ಮ ಅಜ್ಜ ತೀರಿಕೊಂಡದ್ದು ಯಾವ ವರ್ಷ?" ಎಂದು ಕೇಳುವವರನ್ನು ನೀವು ಕಂಡಿದ್ದೀರಾ? ನಾನು ಅಂಥವರ ಮನೆಯಲ್ಲೇ ಉಂಡು, ಮಲಗಿ, ಕಾಲೇಜು ಮುಗಿಸಿದವಳು.

ಎಪ್ಪತ್ತರ ದಶಕದ ಕೊನೆ. ಮಾವನ ಮನೆ ಮದರಾಸಿನ ಪುರಸೈವಾಕ್ಕಂನಲ್ಲಿ, ಕೆಲಸ ವಿಮಾ ಕಚೇರಿಯಲ್ಲಿ. ರಜೆ ಸಿಕ್ಕರೆ ಊರವರೆಲ್ಲ ಸಮುದ್ರದ ಗಾಳಿಗೆ ಹೋಗುತ್ತಿದ್ದರು. ಮಾವ ತಮ್ಮ ತಾಯಿಯ ಅಪ್ಪನನ್ನು, ಅಂದರೆ ನನ್ನ ಮುತ್ತಜ್ಜನನ್ನು, ಹುಡುಕಲು ಹೋಗುತ್ತಿದ್ದರು. ಕುಂದಾಪುರದ ಹತ್ತಿರದ ಕೋಟೇಶ್ವರದಿಂದ ಮದರಾಸಿಗೆ ಅಡುಗೆ ಕೆಲಸಕ್ಕೆಂದು ಬಂದ ಗಣಪಯ್ಯ ಎಂಬ ಈ ಮುತ್ತಜ್ಜ, ಒಂದು ಕಾಗದವನ್ನೂ ಬರೆಯದೆ ಮಾಯವಾಗಿದ್ದ. ಹೆಂಡತಿಯನ್ನೂ ಎರಡು ವರ್ಷದ ಮಗಳನ್ನೂ ಬಿಟ್ಟು ಮದರಾಸಿನಲ್ಲಿ ಇನ್ನೊಂದು ಸಂಸಾರ ಹೂಡಿದನೆಂದು ಊರು ತೀರ್ಪು ಕೊಟ್ಟಿತು. ಆ ಎರಡು ವರ್ಷದ ಮಗಳೇ ನಮ್ಮ ಅಜ್ಜಿ. ಓಡಿಹೋದವನ ಮಗಳು ಎನ್ನಿಸಿಕೊಂಡೇ ಬೆಳೆದವಳು, ಈಗ ಎಪ್ಪತ್ತು ದಾಟಿ ಮಗನ ಮನೆಯಲ್ಲಿದ್ದಳು.

"ಆ ಮನ್ಷ್ಯನ್ ಹೆಸ್ರ್ ಈ ಮನ್ಯಗೆ ಎತ್ತೂಕಾಗ!" ಎಂದು ಅಜ್ಜಿ ಗದರುತ್ತಿದ್ದಳು.

"ಎತ್ತುದಿಲ್ಲೆ ಅಮ್ಮ, ಬರ್ಕಂತೆ ಅಷ್ಟೇ" ಎಂದು ಮಾವ ನೋಟ್‌ಬುಕ್ ಬಿಚ್ಚುತ್ತಿದ್ದರು.

ಒಮ್ಮೆ ಟಿ. ನಗರದಲ್ಲಿ ನಮ್ಮವರ ಮದುವೆ. ಎಲ್ಲರ ಕಣ್ಣು ಪಾಯಸದ ಮೇಲಿದ್ದರೆ ಮಾವನ ಕಣ್ಣು ಮುದುಕರ ಮೇಲೆ. ಪಂಕ್ತಿಯಲ್ಲಿ ಎಲ್ಲರಿಗಿಂತ ಹಿರಿಯರಾಗಿ ಕಂಡವರ ಪಕ್ಕದ ಎಲೆ ಹಿಡಿದು ಊರು, ಗೋತ್ರ, ಮನೆತನ ಎಂದು ಶುರುಮಾಡಿದರು. ಮದುವೆಮನೆಯಲ್ಲಿ ಇಷ್ಟು ಶ್ರದ್ಧೆಯಿಂದ ಗೋತ್ರ ವಿಚಾರಿಸುವವರು ಯಾರು? ಮದುವೆ ದಲ್ಲಾಳಿ! ಕೈ ತೊಳೆದದ್ದೇ ತಡ, ಆ ಹಿರಿಯರು ಮೊಮ್ಮಗಳ ಜಾತಕವನ್ನು ಮಾವನ ಕೈಗಿಟ್ಟರು.

ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ, "ಇದ್ ಬ್ಯಾಡ ಮಾರಾಯ್ರೆ, ನಿಮ್ಮ ಅಜ್ಜನ ಜಾತಕ ಇದ್ರೆ ಕೊಡಿ" ಎಂದರು!

ಅಷ್ಟಾದರೂ ಆ ಹಿರಿಯರು ಒಳ್ಳೆಯವರು. ತಮ್ಮ ತಂದೆ ಅಡುಗೆಗೆಂದು ಮದರಾಸಿಗೆ ಬಂದ ಹೊಸತರಲ್ಲಿ ಕಾಲರಾ ಹಬ್ಬಿ, ಊರಿನ ಅಡುಗೆಯವರೆಲ್ಲ ದಿಕ್ಕಾಪಾಲಾಗಿದ್ದರಂತೆ ಎಂದು ನೆನಪಿಸಿಕೊಂಡರು. ಸಾಲದೇ? ಮುಂದಿನ ಶನಿವಾರವೇ ಮಾವ ಹಳೆಯ ಜನನ ಮರಣದ ದಾಖಲೆಗಳಿದ್ದ ಕಚೇರಿಗೆ ಹೊರಟರು. ಜೊತೆಗೆ ನಾನು. ಮಾವನ ತಮಿಳು ಮಾತು ನೀರಿನಂತೆ ಹರಿಯುತ್ತಿತ್ತು, ಓದಲು ಮಾತ್ರ ಒಂದಕ್ಷರ ಬಾರದು! ಓದುವ ಪಾಲು ನನ್ನದು.

"ಯಾರು ಸಾರ್ ಎರಂದದು?" ಸತ್ತವರು ಯಾರೆಂದು ಗುಮಾಸ್ತ ಅನುಕಂಪದಿಂದ ಕೇಳಿದ.

"ಎಂಗ ತಾತಾ. ಎಳುವದು ವರುಷಂ ಆಚ್ಚು." ಎಪ್ಪತ್ತು ವರ್ಷವಾಯಿತು!

ಗುಮಾಸ್ತ ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಪ್ಪೊ ತಾನ್ ತೆರಿಂಜುದಾ ಸಾರ್?" ಎಂದ. ಈಗಲೇ ಗೊತ್ತಾಯಿತೇ ಎಂದು!

ಆಮೇಲೆ ನಾಲ್ಕು ತಿಂಗಳ ಶನಿವಾರಗಳು ಧೂಳಿಗೂ ಸೀನಿಗೂ ಹೋದವು. ನಾನು ಹೆಸರುಗಳನ್ನು ಹಾರಿಸಿ ಓದುವಂತಿರಲಿಲ್ಲ. ಹೆರಿಗೆಯಲ್ಲಿ ಸತ್ತವಳು, ಜ್ವರದಲ್ಲಿ ಹೋದ ಕೂಸು, ಬಾವಿಗೆ ಬಿದ್ದ ಮುದುಕ, ಎಲ್ಲರಿಗೂ ಮಾವ "ಛೇ, ಪಾಪ" ಎನ್ನಬೇಕು. ನಾನು ರೇಗಿದರೆ, "ಅವ್ರೂ ಯಾರ್ದಾರೂ ಅಜ್ಜ ಅಜ್ಜಿಯೇ ಅಲ್ದಾ? ದಾಟಿ ಹೋಪುಕಾಗ" ಎನ್ನುತ್ತಿದ್ದರು. ಇಂಥವರ ಮೇಲೆ ಸಿಟ್ಟು ಎಷ್ಟು ಹೊತ್ತು ನಿಂತೀತು?

ಒಂದು ಮಧ್ಯಾಹ್ನ ನಾನು "ಕಣಪ್ಪಯ್ಯನ್" ಎಂದು ಓದಿ ಮುಂದಿನ ಸಾಲಿಗೆ ಹೋದೆ.

"ನಿಲ್ಲ್!" ಮಾವ ನನ್ನ ಕೈ ಹಿಡಿದರು. "ತಮಿಳಗೆ ಕ-ಕಾರಕ್ಕೂ ಗ-ಕಾರಕ್ಕೂ ಒಂದೇ ಅಕ್ಷರ ಅಲ್ದನಾ?"

ಓದಲು ಬಾರದವರು ಓದುವವಳಿಗೆ ಪಾಠ ಹೇಳಿದರು! ಗಣಪಯ್ಯ. ತಂದೆಯ ಹೆಸರು ಮಂಜಯ್ಯ, ಊರು ಕೋಟೇಶ್ವರ, ಕೆಲಸ ಅಡುಗೆ, ಕಾರಣ ಕಾಲರಾ. ಮುತ್ತಜ್ಜ ಊರು ಬಿಟ್ಟದ್ದು ದೀಪಾವಳಿ ಮುಗಿಸಿ; ಸತ್ತದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಇನ್ನೊಂದು ಸಂಸಾರ ಹಾಗಿರಲಿ, ಒಂದು ಕಾಗದ ಬರೆಯುವಷ್ಟು ವೇಳೆಯೂ ಅವನಿಗೆ ಸಿಕ್ಕಿರಲಿಲ್ಲ.

ಮಾವ ಮನೆಗೆ ಬಂದವರೇ, ಸೊಪ್ಪು ಬಿಡಿಸುತ್ತಿದ್ದ ಅಜ್ಜಿಯ ಎದುರು ನೆಲದ ಮೇಲೆ ಕೂತರು.

"ಅಮ್ಮಾ, ನಿನ್ನಪ್ಪ ಓಡಿ ಹೋಯ್ಲಿಲ್ಲೆ" ಎಂದು ಶುರುಮಾಡಿ, ಒಂದನ್ನೂ ಬಿಡದೆ ಹೇಳಿದರು.

ಅಜ್ಜಿಯ ಕೈ ನಿಂತಿತು. ಸೊಪ್ಪನ್ನು ಬದಿಗಿಟ್ಟು, "ಪ್ರಾಯ ಎಷ್ಟ್ ಬರ್ದಿರ್?" ಎಂದು ಕೇಳಿದಳು.

"ಇಪ್ಪತ್ನಾಲ್ಕ್."

"ಇಪ್ಪತ್ನಾಲ್ಕಾ? ಅಯ್ಯೋ, ನನ್ ಮೊಮ್ಮಕ್ಕಳ ಪ್ರಾಯದ ಮಾಣಿ!" ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಕಡೀಗೆ ಒಂದ್ ಗುಟ್ಕ್ ನೀರ್ ಕೊಡೂಕೆ ಹತ್ರ ಯಾರಾರೂ ಇದ್ದಿರಾ ಮಗಾ?"

ಮಾವ ಅವಳ ಎರಡೂ ಕೈಗಳನ್ನು ಹಿಡಿದುಕೊಂಡರು.

"ಇದ್ದಿರ್ ಅಮ್ಮಾ. ಹಾಂಗೇ ಬರ್ದಿತ್ತ್."

ದಾಖಲೆಯ ಆ ಒಂದೇ ಒಂದು ಸಾಲನ್ನು ಅಕ್ಷರ ಅಕ್ಷರವಾಗಿ ಓದಿದ್ದವಳು ನಾನು. ನಾನು ಬಾಯಿ ಬಿಡಲಿಲ್ಲ.