ಸಿಂಗಾಪುರದಲ್ಲಿ ಇಳಿದರೆ ಪಾರ್ಲೆಯಲ್ಲೂ ಇಳಿಯುತ್ತದೆ

ನನ್ನ ಭಾವನಿಗೆ ಸಿಂಗಾಪುರದಲ್ಲಿ ಮೂರು ಕೋಣೆಯ ಫ್ಲಾಟಿನ ರೇಟು ಈಗ ಎಷ್ಟು ನಡೆಯುತ್ತಿದೆ ಎಂಬುದು ಬಾಯಿಪಾಠ. ತಾವು ಕೂತಿರುವ ಮನೆಯ ಬಾಡಿಗೆ ಎಷ್ಟೆಂದು ಮಾತ್ರ ಗೊತ್ತಿಲ್ಲ. ಅದನ್ನು ನನ್ನ ಅಕ್ಕನನ್ನೇ ಕೇಳಬೇಕು. ನಂಬಿಕೆಯಿಲ್ಲದಿದ್ದರೆ ವಿಲೆ ಪಾರ್ಲೆಗೆ ಹೋಗಿ ಪರೀಕ್ಷಿಸಿ ನೋಡಿ. ವಿಳಾಸವನ್ನು ಮಾತ್ರ ಹೊರಡುವ ದಿನವೇ ಕೇಳಿಕೊಳ್ಳಿ, ಯಾಕೆಂದರೆ ಅದು ಹನ್ನೊಂದು ತಿಂಗಳಿಗೊಮ್ಮೆ ಬದಲಾಗುವ ಸಂಭವವುಂಟು.

ಮುಂಬೈಯಲ್ಲಿ ಬಾಡಿಗೆಯ ಕರಾರು ಹನ್ನೊಂದು ತಿಂಗಳದ್ದು. ಹನ್ನೆರಡನೆಯ ತಿಂಗಳು ಮಾಲೀಕನ ಮಗನಿಗೆ ಮದುವೆ ನಿಶ್ಚಯವಾಗುತ್ತದೆ, ಇಲ್ಲವೇ ಮಾಲೀಕನಿಗೆ ಬಾಡಿಗೆ ಸಾಲದಾಗುತ್ತದೆ. ಹೀಗೆ ಇಪ್ಪತ್ತು ವರ್ಷಗಳಲ್ಲಿ ಅಕ್ಕ ಹದಿನೇಳು ಮನೆ ಬದಲಿಸಿದ್ದಳು, ಎಲ್ಲವೂ ಪಾರ್ಲೆ ಸ್ಟೇಷನ್ನಿನ ಆಚೆ ಈಚೆಯೇ. ಅವಳಿಗಿದ್ದದ್ದು ಒಂದೇ ಆಸೆ: ಯಾರ ಅಪ್ಪಣೆಯನ್ನೂ ಕೇಳದೆ ಗೋಡೆಗೆ ಮೊಳೆ ಹೊಡೆಯಬಹುದಾದ ಒಂದು ಅಡುಗೆಮನೆ. ಅರವತ್ತು ದಾಟಿತು, ಅದು ಸಿಗಲಿಲ್ಲ.

ದುಡ್ಡಿರಲಿಲ್ಲವೇ? ಇತ್ತು. ಭಾವ ಮುಂಬೈಯ ಫೋರ್ಟ್ ಪ್ರದೇಶದ ಹಡಗು ಏಜೆನ್ಸಿಯೊಂದರಲ್ಲಿ ದುಡಿದು ನಿವೃತ್ತರಾದವರು. ಸರ್ವೀಸಿನಲ್ಲಿದ್ದಾಗ ಒಮ್ಮೆ ಅವರನ್ನು ನಾಲ್ಕು ದಿನದ ಮಟ್ಟಿಗೆ ಸಿಂಗಾಪುರಕ್ಕೆ ಕಳಿಸಿದ್ದರು. ಜೊತೆಗೆ ಹೋದವರು ಅಲ್ಲಿಂದ ಚಾಕಲೇಟು, ಸೆಂಟು ತಂದರು. ಭಾವ ಒಂದು ಸಿದ್ಧಾಂತ ತಂದರು.

"ನೋಡು ಮಾರಾಯ, ಅದೂ ದ್ವೀಪ, ಇದೂ ದ್ವೀಪ. ಅಲ್ಲೂ ಬಂದರು, ಇಲ್ಲೂ ಬಂದರು. ನಮ್ಮ ಮುಂಬೈಗಿಂತ ಚೂರು ದೊಡ್ಡದು, ಅಷ್ಟೇ. ಎಣ್ಣೆ ಬಾವಿ ಇಲ್ಲ, ಗದ್ದೆ ಇಲ್ಲ, ಕುಡಿಯುವ ನೀರನ್ನೂ ಪಕ್ಕದ ದೇಶದಿಂದ ತರಿಸ್ತಾರೆ. ಮತ್ತೆ ಎಂಥದು ಉಂಟು ಅವರ ಹತ್ರ?"

"ಎಂಥದು ಉಂಟು ಭಾವ?"

"ಶಿಸ್ತು. ಬಂದ ಹಡಗನ್ನು ಕಾಯಿಸೂದಿಲ್ಲ. ಸಂಬಳದಲ್ಲಿ ಕಡ್ಡಾಯ ಉಳಿತಾಯ, ಆ ದುಡ್ಡಲ್ಲೇ ಸರ್ಕಾರ ಕಟ್ಟಿದ ಮನೆ. ರೇಟು ಹಾರಿತೋ, ಸ್ಟ್ಯಾಂಪ್ ಡ್ಯೂಟಿ ಏರಿಸಿ ಬ್ರೇಕ್ ಹಾಕ್ತಾರೆ. ಏರ್ತದೆ, ನಿಲ್ತದೆ, ಇಳೀತದೆ, ಮತ್ತೆ ಏರ್ತದೆ. ಇದಕ್ಕೆ ಸೈಕಲ್ ಅಂತ ಹೇಳೂದು. ಇಳಿದಾಗ ತಗೊಂಡವ ಜಾಣ."

ಮಾತೇನೋ ಸರಿಯೇ. ಆದರೆ ಅಲ್ಲಿ ಇಳಿದದ್ದು ಇಲ್ಲೂ ಇಳಿದೇ ಇಳಿಯುತ್ತದೆ ಎಂದು ನಂಬಿ ಭಾವ ಕಾಯುತ್ತ ಕೂತರು. ಸಿಂಗಾಪುರ ಅವರ ಮಾತಿಗೆ ಬೆಲೆ ಕೊಟ್ಟು ಹತ್ತಿತು, ಇಳಿಯಿತು. ಪಾರ್ಲೆ ಹತ್ತಿತು, ಸುಸ್ತಾಗಿ ಮೆಟ್ಟಿಲ ಮೇಲೆ ಸ್ವಲ್ಪ ಕೂತಿತು, ಎದ್ದು ಮತ್ತೆ ಹತ್ತಿತು. ಇಳಿಯುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ!

ನಾನು ಹಾಗೆ ಕಾಯುವವನಲ್ಲ. ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತ ಶುರುಮಾಡಿ ಈಗ ಹೋಟೆಲುಗಳಿಗೆ ಸ್ಟೀಲಿನ ಪಾತ್ರೆ ಪೂರೈಸುವವನು. ಅರ್ಧ ಬೆಲೆಯಿಂದ ಚೌಕಾಸಿ ಶುರುಮಾಡದಿದ್ದರೆ ನನಗೆ ಅನ್ನ ಸೇರುವುದಿಲ್ಲ. ನೀವು ಕೇಳದಿದ್ದರೂ ಒಂದು ಸಲಹೆ ಕೊಡುತ್ತೇನೆ. ಮನೆ ನೋಡಲು ಹೋದಾಗ ಏನನ್ನೂ ಹೊಗಳಬೇಡಿ. ಮೊದಲು ಸೀಲಿಂಗ್ ನೋಡಿ ನಿಟ್ಟುಸಿರು ಬಿಡಿ. ಅಲ್ಲೊಂದು ಸೋರಿಕೆಯ ಕಲೆ ಇದ್ದೇ ಇರುತ್ತದೆ. ಇಲ್ಲದಿದ್ದರೂ ನಿಟ್ಟುಸಿರಿಗೆ ಅದರದೇ ಬೆಲೆ ಇದೆ.

ಭಾವನ ಭಾನುವಾರಗಳು ಸ್ಯಾಂಪಲ್ ಫ್ಲಾಟುಗಳಿಗೆ ಮೀಸಲು. ಕಟ್ಟಡ ಏಳುವ ಮೊದಲೇ ಬಿಲ್ಡರುಗಳು ಒಂದು ಮನೆಯನ್ನು ಮದುಮಗಳ ಹಾಗೆ ಸಿಂಗರಿಸಿ ತೋರಿಸುತ್ತಾರಲ್ಲ, ಅದು. ಟೇಪು, ನೋಟುಪುಸ್ತಕ, ಅಕ್ಕ, ಇಷ್ಟನ್ನೂ ಜೊತೆಗಿಟ್ಟುಕೊಂಡು ಭಾವ ಹೊರಡುತ್ತಿದ್ದರು. ಒಮ್ಮೆ ಅಂಧೇರಿಗೆ ನಾನೂ ಹೋಗಿದ್ದೆ. ಬೆಡ್‌ರೂಮು ನನ್ನ ಕಣ್ಣಿಗೆ ವಿಶಾಲವಾಗಿಯೇ ಕಂಡಿತು. ಭಾವ ಸೀದಾ ಹೋಗಿ ಅಲ್ಲಿದ್ದ ಮಂಚದ ಮೇಲೆ ಅಂಗಾತ ಮಲಗಿಬಿಟ್ಟರು. ಮೊಣಕಾಲಿನಿಂದ ಕೆಳಗೆಲ್ಲ ಹೊರಗೆ.

"ಅಂಕಲ್, ಶೂಸ್..." ಎಂದಳು ಸೇಲ್ಸಿನ ಹುಡುಗಿ.

"ಬೇಟಾ," ಭಾವ ಮಲಗಿದಲ್ಲಿಂದಲೇ ತಮ್ಮ ಉಡುಪಿ ಹಿಂದಿಯಲ್ಲಿ ಕೇಳಿದರು, "ಮಂಚ ಗಿಡ್ಡ ಮಾಡಿದರೆ ರೂಮು ದೊಡ್ಡದು ಕಾಣುತ್ತದೆ, ಹೌದೋ ಅಲ್ಲವೋ?"

ಹುಡುಗಿ ಮ್ಯಾನೇಜರನ್ನು ಕರೆತಂದಳು. ಭಾವ ಎದ್ದು ಕೂತು ಅವನಿಗೆ ಸಿಂಗಾಪುರದ ತೊಂಬತ್ತೊಂಬತ್ತು ವರ್ಷದ ಲೀಸಿನಿಂದ ಹಿಡಿದು ಬಂದರಿನ ಕ್ರೇನಿನವರೆಗೆ ಎಲ್ಲ ವಿವರಿಸಿದರು. ಅರ್ಧ ಗಂಟೆಯ ನಂತರ ನೋಡಿದರೆ, ಮೀರಾ ರೋಡಿನ ತನ್ನ ಮನೆಯನ್ನು ಈಗಲೇ ಮಾರುವುದೋ ಕಾಯುವುದೋ ಎಂದು ಮ್ಯಾನೇಜರೇ ಭಾವನನ್ನು ಕೇಳುತ್ತಿದ್ದ.

ಅಷ್ಟು ಹೊತ್ತೂ ಅಕ್ಕ ಅಡುಗೆಮನೆಯಲ್ಲಿದ್ದಳು. ನಲ್ಲಿ ತಿರುಗಿಸಿದಳು. ನೀರು ಬರಲಿಲ್ಲ. "ನೋಡ್ಲಿಕ್ಕೆ ಮಾತ್ರ ಮನೆ ಮಾರಾಯ," ಎಂದು ನಲ್ಲಿಯನ್ನು ಮತ್ತೆ ಮುಚ್ಚಿದಳು. ನೀರಿಲ್ಲದ ನಲ್ಲಿಯನ್ನು ಅಷ್ಟು ಗಟ್ಟಿಯಾಗಿ ಮುಚ್ಚುವ ಅಗತ್ಯವಿರಲಿಲ್ಲ.

ಈ ವರ್ಷ ಹದಿನೇಳನೆಯ ಮನೆಯ ಮಾಲೀಕನೂ ಖಾಲಿ ಮಾಡಲು ಹೇಳಿದ. ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋಗಿದ್ದ ದಿನ ಅಕ್ಕ ಭಾವನ ಎದುರು ಕೂತಳು.

"ಈ ಸಲ ಸಾಮಾನು ಕಟ್ಟೂದಾದ್ರೆ ನನ್ನ ಮನೆಗೇ ಕಟ್ಟೂದು. ಇಲ್ಲದಿದ್ರೆ ನಿಮ್ಮ ಸಿಂಗಾಪುರ ನಿಮಗೆ. ನಾನು ತಮ್ಮನ ಮನೆಗೆ."

"ಇನ್ನೊಂದು ಆರು ತಿಂಗಳು, ಎರಡೇ ಕ್ವಾರ್ಟರ್ ನೋಡುವ..."

"ನಾನು ನೋಡೂದಿಲ್ಲ."

ತಮ್ಮನ ಮನೆ ಎಂದ ಕೂಡಲೇ ನನ್ನ ಹೆಂಡತಿ ನನ್ನತ್ತ ನೋಡಿದ ನೋಟಕ್ಕೆ ನಾನು ಅಲ್ಲಿಂದಲೇ ಬ್ರೋಕರಿಗೆ ಫೋನು ಹಚ್ಚಿದೆ.

ಅವನು ಪಾರ್ಲೆ ಪೂರ್ವದಲ್ಲೊಂದು ಹಳೇ ಬಿಲ್ಡಿಂಗಿನ ಮನೆ ತೋರಿಸಿದ. ಮೂರನೆಯ ಮಹಡಿ, ಒಂದೇ ಬೆಡ್‌ರೂಮು, ಆದರೆ ಅಡುಗೆಮನೆಗೆ ಎರಡು ಕಿಟಕಿ. ಮಾರುವವರು ಒಬ್ಬ ವಯಸ್ಸಾದ ಮರಾಠಿ ಹೆಂಗಸು, ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅಕ್ಕನಿಗೆ ಮುಖ ಹುಳ್ಳಗೆ ಮಾಡಿಕೊಂಡಿರು ಎಂದು ಹೇಳಿಟ್ಟಿದ್ದೆ. ಆ ಎರಡು ಕಿಟಕಿ ನೋಡಿದವಳಿಗೆ ಅದು ಸಾಧ್ಯವಾಗಲಿಲ್ಲ. ಹಾಗಾಗಿ ಇಬ್ಬರ ಪಾಲಿನ ನಿಟ್ಟುಸಿರನ್ನೂ ನಾನೇ ಬಿಡಬೇಕಾಯಿತು. ಎರಡು ಭೇಟಿಯಲ್ಲಿ ಒಂದೇ ಪಟ್ಟು ಹಿಡಿದೆ: ಲಿಫ್ಟಿಲ್ಲದ ಮೂರನೇ ಮಹಡಿಗೆ ಇಷ್ಟೊಂದು ರೇಟೇ? ಕಾಕು ಪ್ರತಿ ಸಲವೂ ಇಳಿದರು. ಒಂದು ಒಳ್ಳೆಯ ಕಾರು ಬರುವಷ್ಟು ಇಳಿಸಿದೆ. ಅದರಲ್ಲಿ ಅಡುಗೆಮನೆ ಹೊಸದು ಮಾಡುವುದೆಂದು ಅಕ್ಕ ಗ್ರಾನೈಟನ್ನೂ ಆರಿಸಿಟ್ಟಳು.

ಮೂರನೆಯ ಭೇಟಿ ಮಾತು ಪಕ್ಕಾ ಮಾಡಲು. ಭಾವ ನೋಟುಪುಸ್ತಕ ತೆರೆದರು. ಇಳಿದ ರೇಟನ್ನು ಕಣ್ಣಾರೆ ಕಂಡದ್ದು ಅವರ ಜನ್ಮದಲ್ಲಿ ಇದೇ ಮೊದಲು. ಅವರಿಗೆ ಕಾರಣ ಬೇಕಾಗಿತ್ತು. ಬಡ್ಡಿ ದರವೋ, ಪೂರೈಕೆಯೋ?

"ಕಾಕು, ಇಷ್ಟು ಇಳಿಸಿದ್ದು ಯಾಕೆ?" ಮರಾಠಿಯಲ್ಲಿ ಕೇಳಿಯೇಬಿಟ್ಟರು. ನಾನು ಅವರ ಕಾಲು ತುಳಿಯುವಷ್ಟರಲ್ಲಿ ತಡವಾಗಿತ್ತು.

ಕಾಕು ಒಳಕೋಣೆಯ ಕಡೆ ಕೈ ತೋರಿಸಿದರು. ಯಜಮಾನರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಇಳಿಸಬೇಕು, ಮತ್ತೆ ಹೊತ್ತು ಏರಿಸಬೇಕು. ವಿರಾರಿನಲ್ಲಿ ತಂಗಿಯ ಬಿಲ್ಡಿಂಗಿನಲ್ಲಿ ಲಿಫ್ಟಿರುವ ಮನೆ ನೋಡಿದ್ದಾರೆ. "ಲಿಫ್ಟಿಲ್ಲ ಲಿಫ್ಟಿಲ್ಲ ಅಂತ ನಿಮ್ಮ ಭಾವಮೈದ ಹೇಳಿದ್ದು ಸರಿಯೇ. ನಮಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಬೇಗ ಆಗಲಿ ಅಂತ ಅವರು ಹೇಳಿದ್ದಕ್ಕೆಲ್ಲ ಹೂಂ ಅಂದೆ."

ಭಾವ ಏನನ್ನೂ ಬರೆದುಕೊಳ್ಳಲಿಲ್ಲ. ಪುಸ್ತಕ ಮುಚ್ಚಿ ಅಕ್ಕನತ್ತ ತಿರುಗಿದರು. "ಇದು ಸೈಕಲ್ ಅಲ್ಲ ಮಾರಾಯ್ತಿ. ಇಪ್ಪತ್ತು ವರ್ಷ ಇದನ್ನಾ ನಾನು ಕಾದದ್ದು?"

ಅಕ್ಕ ಅಡುಗೆಮನೆಯತ್ತ ಒಮ್ಮೆ ನೋಡಿದಳು. "ಗ್ರಾನೈಟ್ ಇಲ್ಲದಿದ್ರೂ ದೋಸೆ ಏಳ್ತದೆ. ಮೊದಲು ಹೇಳಿದ ರೇಟೇ ಕೊಡುವ."

ಆಮೇಲೆ ನಡೆದದ್ದನ್ನು ನಾನು ಎಲ್ಲೂ ಕಂಡಿಲ್ಲ. ಕೊಳ್ಳುವವರು ಏರಿಸುತ್ತಾರೆ, ಮಾರುವವರು ಬೇಡವೆಂದು ಇಳಿಸುತ್ತಾರೆ! "ಅಂಕಲ್, ಉಲ್ಟಾ ಬೋಲ್ ರಹೇ ಹೋ," ಎಂದು ಬ್ರೋಕರ್ ಭಾವನ ತೋಳು ಜಗ್ಗಿದ. ಕೊನೆಗೆ ಎರಡೂ ಕಡೆಯವರು ನನ್ನ ಮುಖ ನೋಡಿದರು, ನೀನೇ ಒಂದು ರೇಟು ಹೇಳು ಎಂದು. ನಲವತ್ತು ವರ್ಷದ ಚೌಕಾಸಿಯಲ್ಲಿ ಮೊದಲ ಬಾರಿಗೆ, ಎದುರಿನವರು ಮೊದಲು ಹೇಳಿದ ಬೆಲೆಯನ್ನೇ ನಾನು ಹೇಳಿದೆ. ನಾಲಿಗೆ ಸುಲಭಕ್ಕೆ ಹೊರಳಲಿಲ್ಲ.

ಕಾಕು ಸೆರಗಿನಲ್ಲಿ ಮುಖ ಒರೆಸಿಕೊಂಡು ಚಹಾಕ್ಕೆ ಹಾಲಿಟ್ಟರು. ಯಜಮಾನರು ಕರೆದದ್ದು ಕೇಳಿ ಒಳಕೋಣೆಗೆ ಹೋದರು. ಒಲೆಯ ಮುಂದೆ ಅಕ್ಕ ನಿಂತಿದ್ದಳು. ಹಾಲು ಮೇಲೇಳುತ್ತಿತ್ತು.

"ಅಕ್ಕ, ಹಾಲು."

ಅವಳು ಕೇಳಿಸಿಕೊಂಡಳು. ಗ್ಯಾಸಿನ ನಾಬಿನ ಮೇಲೆ ಕೈ ಇಟ್ಟುಕೊಂಡೇ ಇದ್ದಳು, ತಿರುಗಿಸಲಿಲ್ಲ. ಹೊಸ ಮನೆಗೆ ಹೋದವರು ಮೊದಲು ಹಾಲುಕ್ಕಿಸುತ್ತಾರೆ. ಬಾಡಿಗೆಯ ಗೋಡೆಗಳಿಗೆ ಎಂಥ ಹಾಲು ಎಂದು ಹದಿನೇಳು ಮನೆಗಳಲ್ಲಿ ಒಂದು ಕಡೆಯೂ ಅಕ್ಕ ಉಕ್ಕಿಸಿರಲಿಲ್ಲ. ಈಗ ಅದು ಪಾತ್ರೆಯ ಅಂಚು ದಾಟಿ ಒಲೆಯ ಮೇಲೆ, ಹಳೇ ಕಡಪ ಕಲ್ಲಿನ ಮೇಲೆ ಹರಿದು, ಅವಳ ಪಾದದ ಹತ್ತಿರ ತೊಟ್ಟಿಕ್ಕಿತು.

"ಅಗಬಾಯಿ, ದೂಧ್!" ಎನ್ನುತ್ತ ಕಾಕು ಬಟ್ಟೆ ಹಿಡಿದು ಓಡಿಬಂದರು.

ಅಕ್ಕ ಆಗ ಗ್ಯಾಸು ಆರಿಸಿದಳು. "ಬಿಡಿ ಕಾಕು, ನಾನು ಒರೆಸ್ತೇನೆ," ಎಂದು ಅವರ ಕೈಯಿಂದ ಬಟ್ಟೆ ತೆಗೆದುಕೊಂಡು ನೆಲಕ್ಕೆ ಕೂತಳು. ಚೆಲ್ಲಿದ್ದು ಅಂಗೈಯಗಲ. ಅವಳು ಇಡೀ ಅಡುಗೆಮನೆ ಒರೆಸಿದಳು.