ಆಮ್‌ಸ್ಟರ್‌ಡ್ಯಾಮಿನ ಬಾರಿನಲ್ಲಿ ಬೀಗರ ಪರೀಕ್ಷೆ

ನಾಲ್ಕು ಮಂದಿ ಅಂಗಡಿಕಾರರನ್ನು ಕೂಡಿಸಿ ಎಲ್ಲಿಗೇ ಕಳಿಸಿ, ನಗುವಂಥದ್ದೊಂದು ನಡೆದೇ ನಡೆಯುತ್ತದೆ. ಬೈಲಹೊಂಗಲದಿಂದ ಬೆಳಗಾವಿಗೆ ಹೋದರೂ ಅಷ್ಟೇ, ಆಮ್‌ಸ್ಟರ್‌ಡ್ಯಾಮಿಗೆ ಹೋದರೂ ಅಷ್ಟೇ.

ಅಲ್ಲಿ ಯೂರೋ ನೋಟು ಬಂದು ಮೂರ್ನಾಲ್ಕು ವರ್ಷವಾಗಿತ್ತು. ಹೊಲಕ್ಕೆ ನೀರು ಹಾಯಿಸುವ ಪೈಪಿನ ಕಂಪನಿಯವರು, ಹೇಳಿದಷ್ಟು ಮಾಲು ಎತ್ತಿದ ಡೀಲರುಗಳನ್ನು ಜೂನ್ ತಿಂಗಳಲ್ಲಿ ಅಲ್ಲಿಗೆ ಕರೆದೊಯ್ದರು. ಮಳೆ ಬಿದ್ದ ಮೇಲೆ ಪೈಪು ಕೇಳುವವರು ಯಾರೂ ಇರುವುದಿಲ್ಲ, ಹಾಗಾಗಿ ಅಂಗಡಿ ಬಿಟ್ಟು ಹೋಗಲು ಅಡ್ಡಿ ಇರಲಿಲ್ಲ. ನಮ್ಮ ಕಡೆಯಿಂದ ನಾಲ್ವರು: ಬೈಲಹೊಂಗಲದಿಂದ ನಾನು, ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಒಬ್ಬೊಬ್ಬರು. ಹೆಸರು ಬೇಡ, ಊರಿನಿಂದಲೇ ಕರೆಯುತ್ತೇನೆ. ಎಲ್ಲರ ಅಂಗಡಿಗಳೂ ಇನ್ನೂ ನಡೆಯುತ್ತಿವೆ.

ಆಗ ರಾಮದುರ್ಗದವರ ಮಗಳನ್ನು ಕಿತ್ತೂರಿನವರ ಮಗನಿಗೆ ಕೊಡುವ ಮಾತು ನಡೆದಿತ್ತು. ಹುಡುಗ, ಹುಡುಗಿ ಒಪ್ಪಿದ್ದರು. ಮನೆತನದ ವಿಚಾರಣೆಯೊಂದು ಬಾಕಿ ಇತ್ತು. ವಿಮಾನ ಹತ್ತುವ ಮೊದಲೇ ರಾಮದುರ್ಗದವರು ನನ್ನನ್ನು ಬದಿಗೆ ಕರೆದರು.

"ಊರಾಗ ಎಲ್ಲಾರೂ ಚೊಲೊ ಮಂದೀನ ಇರತಾರ್ರಿ. ಇಂಥಾ ಊರಾಗ ಆರು ದಿವಸ ಬಿಟ್ಟು ನೋಡಿದರ ಬೀಗ ಎಂಥಾವ ಅಂತ ಗೊತ್ತಾಗತೈತಿ. ನೀವೂ ಒಂದು ಕಣ್ಣ ಇಡ್ರಿ."

ಸ್ವಲ್ಪ ಹೊತ್ತಿಗೆ ಕಿತ್ತೂರಿನವರು ಬಂದರು. "ಸಾವಕಾರ್ರ, ಅವರು ನನ್ನ ಮ್ಯಾಲ ಕಣ್ಣ ಇಟ್ಟಾರ. ನಾ ಒಂದು ಹನಿ ಮುಟ್ಟಾಂವ ಅಲ್ಲ. ಆದರ ಮುಟ್ಟಂಗಿಲ್ಲ ಅನ್ನೋದು ಅವರಿಗೆ ಕಾಣಬೇಕಲ್ರಿ. ಈ ಸಂಬಂಧ ತಪ್ಪಿದರ ನಮ್ಮ ಮನ್ಯಾಕಿ ನನ್ನನ್ನ ಒಳಗ ಕರಕೊಳ್ಳಂಗಿಲ್ಲ."

ಸವದತ್ತಿಯವರಿಗೆ ಇದ್ಯಾವುದೂ ಬೇಕಾಗಿರಲಿಲ್ಲ. ಅವರು ಬಂದದ್ದೇ ಅಲ್ಲಿಯ ಬಾರು, ಕ್ಲಬ್ಬು ನೋಡಲಿಕ್ಕೆ. ಆದರೆ ಒಬ್ಬರೇ ಹೋಗಲು ಅಂಜಿಕೆ. ಹೀಗಾಗಿ ದಿನಾ ನಾಲ್ವರೂ ಕೂಡಿಯೇ ಹೊರಡಬೇಕಾಯಿತು.

೧. ಬೋಣಿ

ಗೈಡು ಒಂದು ದೊಡ್ಡ ಕ್ಲಬ್ಬಿನ ವಿಳಾಸ ಬರೆದುಕೊಟ್ಟ. ಎಷ್ಟು ಹೊತ್ತಿಗೆ ಹೋಗಬೇಕೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆರೂವರೆಗೆ ಊಟ ಮುಗಿಸಿ ಏಳಕ್ಕೆ ಅಲ್ಲಿದ್ದೆವು. ಬಾಗಿಲು ಆಗಷ್ಟೇ ತೆಗೆದಿದ್ದರು. ಒಳಗೆ ಬಣ್ಣದ ದೀಪ ತಿರುಗುತ್ತಿದ್ದವು, ಹಾಡು ಹಚ್ಚಿದ್ದರು. ಕುಣಿಯುವ ಜಾಗದಲ್ಲಿ ಒಬ್ಬಾಕೆ ನೆಲ ಒರೆಸುತ್ತಿದ್ದಳು.

ಸವದತ್ತಿಯವರ ಮುಖ ಇಳಿಯಿತು. "ಇಷ್ಟು ಜಾಗಾ, ಇಷ್ಟು ಕರೆಂಟು, ಒಬ್ಬ ಗಿರಾಕಿ ಇಲ್ಲ. ಪಾಪ, ಮಾಲಕ ಮುಳುಗ್ಯಾನ."

ಇದೇ ಸಮಯವೆಂದು ಕಿತ್ತೂರಿನವರು ಬಾಗಿಲ ಕಡೆ ತಿರುಗಿದರು. ತಡೆದವರು ರಾಮದುರ್ಗದವರು. "ನಿಲ್ರಿ. ಇವತ್ತಿನ ಬೋಣಿ ನಾವ. ಬೋಣಿ ಗಿರಾಕಿ ಬರಿಗೈಲೆ ಹೊಳ್ಳಿದರ ಅವನ ದಿನಾನ ಕೆಡತೈತಿ."

ಪರೀಕ್ಷೆ ಮಾಡಲು ಬಂದವರೇ ಮುಂದಾಗಿ ನಾಲ್ಕು ಗ್ಲಾಸು ಕಿತ್ತಳೆ ರಸ ಕೊಂಡರು. ಹೊರಡುವಾಗ ಕೌಂಟರಿನವನ ಭುಜದ ಮೇಲೆ ಕೈಯಿಟ್ಟು, "ಚಿಂತಿ ಮಾಡಬ್ಯಾಡ್ರಿ, ಸೀಜನ್ ಬರತೈತಿ" ಎಂದು ಕನ್ನಡದಲ್ಲೇ ಸಮಾಧಾನ ಹೇಳಿದರು.

ಮರುದಿನ ಗೈಡಿಗೆ ಹೇಳಿದರೆ ಅವನು ನಂಬಲೊಲ್ಲ. ರಾತ್ರಿ ಒಂದು ಗಂಟೆಗೆ ಅದೇ ಕ್ಲಬ್ಬಿನ ಮುಂದೆ ಓಣಿಯ ಮೂಲೆವರೆಗೆ ಜನ ಸಾಲುಗಟ್ಟಿ ಪಾಳಿ ಹಚ್ಚಿದ್ದರಂತೆ.

ರಾಮದುರ್ಗದವರಿಗೆ ಆಶ್ಚರ್ಯವಾಗಲಿಲ್ಲ. "ಬೋಣಿ ಯಾರ ಕೈಲೆ ಆಗಿತ್ತು ಕೇಳ್ರಿ" ಎಂದರು.

೨. ಗುಡ್ಡದ ಗಡಿಯಾರ

ಸವದತ್ತಿಯವರು ತಮ್ಮೂರ ಗುಡ್ಡದ ಎಲ್ಲಮ್ಮನ ಒಕ್ಕಲು. ಮಂಗಳವಾರ, ಶುಕ್ರವಾರ ಹೆಂಡ ಮುಟ್ಟುವುದಿಲ್ಲ. ಗುರುವಾರ ರಾತ್ರಿ ಒಂಬತ್ತಕ್ಕೆ ಕಾಲುವೆ ದಂಡೆಯ ಬಾರಿನಲ್ಲಿ ಕೂತಿದ್ದೆವು. ಬಿಸಿಲು ಇನ್ನೂ ನೀರಿನ ಮೇಲಿತ್ತು. ಬಿಯರು ಬಂತು. ಸವದತ್ತಿಯವರು ಗ್ಲಾಸು ಎತ್ತಿ, ಕೈಗಡಿಯಾರ ನೋಡಿ ಹಾಗೇ ಇಳಿಸಿದರು. ಅಂಗಡಿಗೆ ಫೋನು ಮಾಡಲು ಅನುಕೂಲವೆಂದು ಅವರು ಗಡಿಯಾರವನ್ನು ಊರ ಹೊತ್ತಿಗೇ ಬಿಟ್ಟಿದ್ದರು. ಅದರಲ್ಲಿ ಹನ್ನೆರಡೂವರೆ.

"ಶುಕ್ರವಾರ ಆತಲ್ರಿ."

"ಇಲ್ಲಿ ಇನ್ನಾ ಗುರುವಾರ ಐತಿ. ಹೊತ್ತ ಸುದ್ದಾ ಮುಳುಗಿಲ್ಲ" ಎಂದೆ.

"ಅವ್ವ ಇಲ್ಲಿ ಎಲ್ಲಿ ಅದಾಳ್ರಿ? ಗುಡ್ಡದ ಮ್ಯಾಲ ಅದಾಳ. ಅಕಿ ಗಡಿಯಾರಾನ ಖರೆ."

ಹೀಗೆಂದು ಗ್ಲಾಸನ್ನು ಮುಂದೆ ತಳ್ಳಿದರು. ಅದು ಹೋಗಿ ನಿಂತದ್ದು ಕಿತ್ತೂರಿನವರ ಎದುರಿಗೆ. ಕೈ ತೊಳೆಯಲು ಹೋಗಿದ್ದ ರಾಮದುರ್ಗದವರು ಆಗಲೇ ಬಾಗಿಲಲ್ಲಿ ಕಂಡರು. ಕಿತ್ತೂರಿನವರು ಹಾವು ಕಂಡವರಂತೆ ಅದನ್ನು ನನ್ನ ಕಡೆ ಸರಿಸಿದರು. ಆಮೇಲೆ ಆ ಗ್ಲಾಸು ಏನಾಯಿತು ಎಂಬುದು ಈ ಬರಹದ ವಿಷಯವಲ್ಲ.

ಮರುದಿನ ಶುಕ್ರವಾರ. ಸವದತ್ತಿಯವರು ಹಗಲಿಡೀ ನೇಮದಿಂದ ಇದ್ದರು. ಸಂಜೆ ಎಂಟೂವರೆಗೆ ಸರಿಯಾಗಿ ಎದ್ದು ನಿಂತು ಚಪ್ಪಲಿ ಮೆಟ್ಟಿದರು.

"ಊರಾಗ ಶನಿವಾರ ಆತು. ನಡೀರಿ."

೩. ತುಟ್ಟಿ ನೀರು

ಆ ಸಂಜೆ ಹೋದ ಬಾರಿನಲ್ಲಿ ಕಿತ್ತೂರಿನವರು ಎಲ್ಲರಿಗೂ ಕೇಳುವಂತೆ, "ನನಗ ಬರೇ ನೀರು" ಎಂದರು. ಗಾಜಿನ ಬಾಟಲಿಯಲ್ಲಿ ನೀರು ಬಂತು. ಅವರು ರಾಮದುರ್ಗದವರಿಗೆ ಎದುರಾಗಿ ಕೂತು ಅದನ್ನು ನಿಧಾನವಾಗಿ ಕುಡಿದರು.

ಬಿಲ್ಲು ಬಂದಾಗ ರಾಮದುರ್ಗದವರು ಚಷ್ಮಾ ಹಾಕಿಕೊಂಡು ಎರಡು ಸಲ ಓದಿದರು. ಸವದತ್ತಿಯವರ ಸಣ್ಣ ಬಿಯರಿಗಿಂತ ನೀರಿನ ಬಾಟಲಿ ತುಟ್ಟಿ.

ದಾರಿಯಲ್ಲಿ ರಾಮದುರ್ಗದವರು ನನ್ನ ಕಿವಿಯಲ್ಲಿ ಹೇಳಿದರು: "ಕುಡಿಯಂಗಿಲ್ಲ, ಖರೆ. ಆದರ ರೇಟು ಕೇಳಲಾರದ ಮಾಲು ತರಿಸಿದ್ರು."

"ನೀವು ನೋಡಾಕ ಹತ್ತೀರಿ ಅಂತನ ತರಿಸ್ಯಾರ್ರಿ."

"ಅದ ಅಂಜಿಕಿ ನನಗ. ನಾ ಒಬ್ಬ ನೋಡಿದ್ದಕ್ಕ ಇಷ್ಟು ಖರ್ಚು ಮಾಡಾಂವ, ಮದುವ್ಯಾಗ ಸಾವಿರ ಮಂದಿ ನೋಡತಾರ. ಅದರಾಗ ಅರ್ಧಾ ಖರ್ಚು ನಂದು."

ಹದಿನಾರಾಣೆ ಇದ್ದ ಬೀಗತನ ಅಲ್ಲಿಗೆ ಎಂಟಾಣೆಗೆ ಇಳಿಯಿತು. ವಿಷಯ ಕಿತ್ತೂರಿನವರಿಗೆ ಮುಟ್ಟಿಸಿದೆ. ಮರುದಿನ ಅವರು ಹೋಟೆಲಿನ ನಳದ ನೀರು ಬಾಟಲಿಗೆ ತುಂಬಿಸಿ ಬಗಲಲ್ಲಿಟ್ಟುಕೊಂಡು ಬಂದರು. ಬಾರಿನ ಬಾಗಿಲಲ್ಲಿ ನಿಂತಿದ್ದ ಪೈಲವಾನ ಅದನ್ನು ಕಸಿದುಕೊಂಡ.

ಇವರು ಅದಕ್ಕೊಂದು ರಸೀದಿ ಕೇಳಿದರು.

೪. ಗಲ್ಲಾದ ಆಚೆ

ಅದೇ ದಿನ, ನಮ್ಮ ಕೊನೆಯ ರಾತ್ರಿ. ಬೀಗತನ ಎಂಟಾಣೆಯಲ್ಲೇ ನಿಂತಿತ್ತು, ಊರಿಗೆ ಹೋದ ಮೇಲೆ ಹೇಳುತ್ತೇನೆ ಎಂದಿದ್ದರು ರಾಮದುರ್ಗದವರು. ಹಾಗೆ ಹೇಳುವವರು ಹೇಳುವುದಿಲ್ಲ ಎಂದು ನನಗೂ ಗೊತ್ತು, ಕಿತ್ತೂರಿನವರಿಗೂ ಗೊತ್ತು.

ಹೋಟೆಲಿನ ಹತ್ತಿರ ಒಂದು ಇಕ್ಕಟ್ಟಾದ ಬಾರಿತ್ತು. ಆ ದಿನ ಶನಿವಾರ, ಕಾಲಿಡಲು ಜಾಗವಿಲ್ಲ. ಕೌಂಟರಿನಲ್ಲಿ ಒಬ್ಬನೇ ಮನುಷ್ಯ, ಅವನ ಜೊತೆಗಾರ ಬಂದಿರಲಿಲ್ಲ. ಕಿತ್ತೂರಿನವರು ಕೌಂಟರಿನ ತುದಿಗೆ ಸುಮ್ಮನೆ ನಿಂತಿದ್ದರು. ನಾವು ಮೂವರು ಗೋಡೆ ಬದಿಗೆ ಕೂತಿದ್ದೆವು.

ಮೂವತ್ತು ವರ್ಷ ಗಲ್ಲಾದ ಮೇಲೆ ಕೂತವರಿಗೆ, ಗಿರಾಕಿ ಕಾಯುವುದನ್ನು ನೋಡುತ್ತ ನಿಲ್ಲಲು ಆಗುವುದಿಲ್ಲ. ಮೊದಲು ಅವರು ಖಾಲಿ ಗ್ಲಾಸು ಎತ್ತಿ ಒಳಗೆ ಸರಿಸಿದರು. ಆಮೇಲೆ ಮುಂದೆ ನುಗ್ಗಿದ ಒಬ್ಬ ದಾಂಡಿಗನನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದರು. "ತಡೀರಿ, ಈ ಅಕ್ಕಾರು ನಿಮಗಿಂತ ಮೊದಲ ಬಂದಾರ." ಕನ್ನಡವೇ, ಆದರೂ ಅವನು ಹಿಂದೆ ಸರಿದ. ಅಷ್ಟರಲ್ಲಿ ಕೌಂಟರಿನವನು ಸಾಮಾನು ತರಲು ನೆಲಮಾಳಿಗೆಗೆ ಇಳಿದ. ಕಿತ್ತೂರಿನವರು ಕೌಂಟರಿನ ಹಲಗೆ ಎತ್ತಿ ಒಳಗೇ ಹೋದರು.

ರಾಮದುರ್ಗದವರು ತಲೆಯೆತ್ತಿ ನೋಡುವ ಹೊತ್ತಿಗೆ, ಅವರ ಭಾವಿ ಬೀಗರು ಎರಡೂ ಕೈಯಲ್ಲಿ ಬಿಯರ್ ಬಾಟಲಿ ಹಿಡಿದು ಬೋರ್ಡಿನ ರೇಟು ಓದುತ್ತಿದ್ದರು.

"ಸಂಬಂಧ ಮುಗೀತು" ಎಂದು ಸವದತ್ತಿಯವರು ನನ್ನನ್ನು ತಿವಿದರು.

ಕೌಂಟರಿನವನು ಮೇಲೆ ಬಂದು ನೋಡಿದ. ಪಾಳಿ ನೆಟ್ಟಗಿತ್ತು, ರೊಕ್ಕ ಒಂದೆಡೆ ಒಟ್ಟಿತ್ತು. ನಕ್ಕು, ಒಂದು ದೊಡ್ಡ ಗ್ಲಾಸಿಗೆ ನೊರೆ ಉಕ್ಕುವಂತೆ ಬಿಯರು ಸುರಿದು, ಎದೆಯ ಮೇಲೆ ಕೈಯಿಟ್ಟುಕೊಂಡು ಕಿತ್ತೂರಿನವರ ಮುಂದೆ ಇಟ್ಟ. ಇದು ನನ್ನ ಕಡೆಯಿಂದ ನಿನಗೆ ಎಂದು ಎಂಥವನಿಗೂ ತಿಳಿಯುವಂತಿತ್ತು.

ರಾಮದುರ್ಗದವರು ಎದ್ದು ಕೌಂಟರಿನ ಹತ್ತಿರ ಹೋದರು. ನಾವೂ ಹೋದೆವು. ಕಿತ್ತೂರಿನವರು ಬಿಯರು ನೋಡಿದರು, ಇವರನ್ನು ನೋಡಿದರು. ಪ್ರೀತಿಯಿಂದ ಕೊಟ್ಟದ್ದನ್ನು ಒಲ್ಲೆ ಎನ್ನುವ ಹಾಗಿಲ್ಲ, ಕುಡಿಯುವ ಹಾಗಂತೂ ಇಲ್ಲವೇ ಇಲ್ಲ. ಗ್ಲಾಸು ಎತ್ತಿದರು. ಎತ್ತಿ, ಪಾಳಿಯಲ್ಲಿ ಮುಂದಿದ್ದ ಮುದುಕನ ಕೈಗೆ ಕೊಟ್ಟು, ಅವನಿಂದ ರೊಕ್ಕ ತೆಗೆದುಕೊಂಡು ತಮ್ಮ ಕಿಸೆಗೆ ಹಾಕಿಕೊಂಡರು.

ರಾಮದುರ್ಗದವರು ಚಷ್ಮಾ ಹಾಕಿಕೊಂಡು ಬೋರ್ಡು ನೋಡಿದರು. ಆಮೇಲೆ ಕೇಳಿದರು: "ಎಷ್ಟಕ್ಕ ಕೊಟ್ರಿ?"

"ಬೋರ್ಡಿನ ರೇಟಿಗೇ ರೀ."

"ಏನೂ ಬಿಡಲಿಲ್ಲ?"

"ಗಿರಾಕಿ ಕೇಳಲಿಲ್ರಿ. ನಾ ಯಾಕ ಬಿಡ್ಲಿ?"

ರಾಮದುರ್ಗದವರು ನನ್ನ ಕಡೆ ತಿರುಗಿ, "ಊರಿಗೆ ಹೋದ ಕೂಡಲೇ ನಿಶ್ಚಯಕ್ಕ ಒಂದು ದಿನಾ ತಗಸ್ರಿ. ಇಂಥಾ ಮನೆತನ ಬ್ಯಾರೆಯವರ ಕಣ್ಣಿಗೆ ಬೀಳಬಾರದು" ಎಂದರು.