ಚಿಕ್ಕಪ್ಪನ ಗುಲಾಬಿ ಕಳ್ಳತನ

ನಮ್ಮ ಚಿಕ್ಕಪ್ಪ ಕಳ್ಳ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಎಪ್ಪತ್ತರ ದಶಕದಲ್ಲಿ ಕಡೂರಿನ ಅವರ ಮನೆಯಂಗಳ ನೋಡಿದ ಯಾರನ್ನು ಬೇಕಾದರೂ ಕೇಳಿ. ಅಲ್ಲಿದ್ದ ಅಷ್ಟೂ ಗುಲಾಬಿ ಗಿಡ ಕದ್ದ ಮಾಲು! ಕೇಳಿ ತಂದ ಕಡ್ಡಿ ಚಿಗುರುವುದಿಲ್ಲ, ದುಡ್ಡು ಕೊಟ್ಟು ತಂದದ್ದಂತೂ ಖಂಡಿತ ಚಿಗುರುವುದಿಲ್ಲ, ಕದ್ದು ನೆಟ್ಟರೆ ಮಾತ್ರ ಬೇರು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಜನಕ್ಕಿದೆ. ಅದನ್ನು ವೇದವಾಕ್ಯ ಮಾಡಿಕೊಂಡವರು ಮಾತ್ರ ಇವರೊಬ್ಬರೇ.

ಹಾಗಂತ ಕಂಡ ಗಿಡಕ್ಕೆಲ್ಲ ಕೈ ಹಾಕುವವರಲ್ಲ. ಗಿಡ ಮೊಣಕಾಲೆತ್ತರ ಮೀರಬಾರದು, ಪೊದೆಯಾಗಿ ಹಬ್ಬಿ ಮೈತುಂಬ ಹೂ ಬಿಡಬೇಕು, ನಾಲ್ಕು ದಿನ ನೀರು ಮರೆತರೂ ಮುಖ ಬಾಡಿಸಬಾರದು, ನಮ್ಮೂರ ಬಿಸಿಲಿಗೂ ಸವುಳು ನೀರಿಗೂ ಹೊಂದಿಕೊಂಡು ಹೋಗಬೇಕು.

"ನನ್ನನ್ನ ನೋಡೋಕ್ ಬಂದಾಗ್ಲೂ ಇಷ್ಟನ್ನೇ ಕೇಳಿದ್ರು ಕಣೇ," ಎನ್ನುತ್ತಿದ್ದರು ಚಿಕ್ಕಮ್ಮ.

ಇನ್ನೊಂದು ತೊಡಕಿತ್ತು. ಚಿಕ್ಕಪ್ಪ ಮಹಾ ಮರ್ಯಾದಸ್ಥರು. ಹೇಳದೆ ಕೇಳದೆ ಇನ್ನೊಬ್ಬರ ಬೇಲಿಗೆ ಕೈ ಹಾಕುವುದುಂಟೆ? ಆದ್ದರಿಂದ ಮೊದಲೇ ತಿಳಿಸಿಬಿಡುತ್ತಿದ್ದರು. ತರೀಕೆರೆಯಲ್ಲಿ ನಮ್ಮ ಬೀಗರ ಮನೆ ಮುಂದೆ ಕುಳ್ಳ ಗುಲಾಬಿಯೊಂದು ಕೆಂಪಗೆ ಅರಳಿದ್ದು ಕಂಡು ಜಗಲಿಯಲ್ಲೇ ಹೇಳಿದರು:

"ಬೀಗ್ರೇ, ಊಟ ಆದ್ಮೇಲೆ ನಿಮ್ಮನೇಲಿ ಕದೀತೀನಿ. ನೀವ್ ಸ್ವಲ್ಪ ಒಳಗೇ ಇರಿ."

"ಒಂದ್ ಕಡ್ಡಿ ತಾನೇ, ನಾನೇ ಕೊಯ್ದ್ ಕೊಡ್ತೀನಿ ತಗೊಳ್ಳಿ," ಎಂದರು ಬೀಗರು.

"ಕೊಟ್ರೆ ಕೆಟ್ಟೋಗುತ್ತೆ ಕಣ್ರೀ."

ಪಾಪ, ಬೀಗರು ಊಟ ಮುಗಿಸಿ, ಸ್ವಂತ ಮನೆಯ ಬಾಗಿಲು ಹಾಕಿಕೊಂಡು, ಕಳ್ಳನ ಕೆಲಸ ಮುಗಿಯಲೆಂದು ಕಾಯುತ್ತ ಕೂತರು.

ಕೆಮ್ಮಣ್ಣುಗುಂಡಿಯ ತೋಟದಲ್ಲಿ ಈ ಆಟ ನಡೆಯಲಿಲ್ಲ. ಅಲ್ಲಿನ ಕಾವಲುಗಾರನಿಗೂ "ಒಂದ್ ಗಳಿಗೆ ಆ ಕಡೆ ತಿರುಕ್ಕೊಂಡಿರಪ್ಪಾ" ಎಂದರು. ಅವನ ಸರ್ವೀಸಿನಲ್ಲಿ ಅಪ್ಪಣೆ ಕೇಳಿದ ಕಳ್ಳ ಇವರೇ ಮೊದಲಿರಬೇಕು. ಗೇಟಿನವರೆಗೂ ಜೊತೆಗೇ ಬಂದು, ಹೊರಗೆ ಬಿಟ್ಟು ಹೋದ.

ಆದರೆ ಚಿಕ್ಕಪ್ಪನ ಜೀವವೆಲ್ಲ ಇದ್ದದ್ದು ಅಜ್ಜಂಪುರದ ಒಂದು ಗಿಡದ ಮೇಲೆ. ಸಿಂಗಟಗೆರೆಯ ಹಳೇ ಮನೆಯಲ್ಲಿ ನಮ್ಮಜ್ಜಿ ಬೆಳೆಸಿದ್ದ, ತಿಳಿಬಣ್ಣದ ಕುಳ್ಳ ಗುಲಾಬಿಯ ತಳಿ ಅದು. ಅಲ್ಲಿನ ಗಿಡ ಒಣಗಿ, ಆ ತಳಿ ಉಳಿದದ್ದು ಅಜ್ಜಂಪುರದಲ್ಲಿ ನಮ್ಮತ್ತೆಯ, ಅಂದರೆ ಚಿಕ್ಕಪ್ಪನ ಅಕ್ಕನ ಮನೆಯಲ್ಲಿ ಮಾತ್ರ. ಅಜ್ಜಿ ಹೋದ ಮೇಲೆ ತೆಂಗಿನ ತೋಟದ ಖಾತೆ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಅಕ್ಕ ತಮ್ಮ ಮುಖ ನೋಡುವುದನ್ನೇ ಬಿಟ್ಟಿದ್ದರು. ಮಾತೇ ಇಲ್ಲದ ಮೇಲೆ, ಕದಿಯುತ್ತೇನೆಂದು ಹೇಳಿಕಳಿಸುವುದಾದರೂ ಹೇಗೆ?

ಮಳೆ ಹಿಡಿದು ಕಡ್ಡಿ ನೆಡುವ ಕಾಲ ಬಂತು. ಕಾಲೇಜಿಗೆ ರಜೆಯಿದ್ದ ನನ್ನನ್ನು ಕರೆದುಕೊಂಡು ಚಿಕ್ಕಪ್ಪ ಅಜ್ಜಂಪುರಕ್ಕೆ ಹೊರಟೇಬಿಟ್ಟರು. ಜನ್ಮದಲ್ಲಿ ಮೊದಲ ಸಲ, ಹೇಳದೆ ಕದಿಯಲು! ಅತ್ತೆಯ ಮನೆ ಬಾಗಿಲು ಹಾಕಿತ್ತು. ಗಿಡದ ಮುಂದೆ ಕೂತ ಚಿಕ್ಕಪ್ಪ ಒಂದು ಕಡ್ಡಿಗೆ ಚಾಕು ಇಡುವುದು, ಬಾಗಿಲ ಕಡೆ ನೋಡುವುದು, ಮತ್ತೆ ಚಾಕು ತೆಗೆಯುವುದು ಮಾಡುತ್ತಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಕಿಟಕಿಯ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

"ಅದು ಎಳೇ ಕಡ್ಡಿ ಕಣೋ, ಕೊಳೆತೋಗುತ್ತೆ. ಕೆಳಗಡೆ ಬಲಿತಿರೋದ್ ಕೊಯ್ಕೋ."

ಚಿಕ್ಕಪ್ಪ ತಲೆಯೆತ್ತಲಿಲ್ಲ. ಬಲಿತ ಕಡ್ಡಿಯನ್ನೇ ಕೊಯ್ದು, ಎಲೆಯಲ್ಲಿ ಕಟ್ಟಿ ತಂದಿದ್ದ ಸಗಣಿಯನ್ನು ತುದಿಗೆ ಮೆತ್ತಿದರು. ಅದೇ ಕೈಯಲ್ಲಿ ಕಣ್ಣೊರೆಸಿಕೊಂಡರು.

"ಇದೂ ಚಿಗುರ್ಲಿಲ್ಲ ಅಂದ್ರೆ?" ಎಂದರು, ಗಿಡವನ್ನೇ ಕೇಳುವವರ ಹಾಗೆ.

"ಮತ್ತೆ ಬಾ," ಎಂದರು ಅತ್ತೆ.

ಕಡ್ಡಿ ತಿಂಗಳೊಳಗೆ ಚಿಗುರಿತು. ಆ ಚಿಗುರನ್ನು ಕಣ್ತುಂಬ ನೋಡಿ, ಒಗೆದ ಅಂಗಿ ತೊಟ್ಟು, "ಒಣಗೋಯ್ತು ಕಣಕ್ಕ" ಎಂದು ಹೇಳಲು ಚಿಕ್ಕಪ್ಪ ಅಜ್ಜಂಪುರಕ್ಕೆ ಹೋದರು.